ವರ್ಷದ ತೊಡಕಿನ ದಿನ ಬಿಚ್ಚಿದ ಕಟ್ಟು

ನನ್ನ ತಂಗಿ ಗೌರಿಯ ಕಾಲಿನ ಕಟ್ಟು ಬಿಚ್ಚಿದ್ದು ನಮ್ಮಪ್ಪ ಅಲ್ಲ, ನಾನು. ಇಷ್ಟೇ ಮಾತು. ಇದನ್ನು ಅಪ್ಪ ಬದುಕಿದ್ದಾಗ ಹೇಳಬೇಕಿತ್ತು, ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ನನ್ನ ತಮ್ಮ ನಂಜುಂಡ ಮೂಳೆ ಡಾಕ್ಟರಾದ. ಯುದ್ಧ ನಡೆಯುವ ದೇಶಗಳಿಗೆ, ಭೂಮಿ ನಡುಗಿದ ಊರುಗಳಿಗೆ ಹೋಗಿ ಮುರಿದವರನ್ನು ಕೂಡಿಸಿದ. ಈಗ ನಮ್ಮ ಸೀಮೆಗೇ ವಾಪಸು ಬಂದು ಸೊಟ್ಟ ಪಾದದ ಮಕ್ಕಳನ್ನು ನೋಡುತ್ತಾನೆ. ಯಾಕೆ ಈ ಕೆಲಸ ಹಿಡಿದಿರಿ ಎಂದು ಯಾರಾದರೂ ಕೇಳಿದರೆ ಅವನು ಅಪ್ಪನ ಕಥೆ ಹೇಳುತ್ತಾನೆ. ಕುಡಿದು ಬಂದು ಹೆತ್ತ ಕೂಸಿನ ಕಾಲಿನ ಕಟ್ಟು ಕಿತ್ತು ಹಾಕಿದ ಅಪ್ಪ. ಆ ಕಥೆ ಎಷ್ಟು ದೇಶ ಸುತ್ತಿದೆಯೋ ನನಗೆ ಗೊತ್ತಿಲ್ಲ. ಅದು ಹುಟ್ಟಿದ್ದು ಮಾತ್ರ ನಮ್ಮ ನಡುಮನೆಯಲ್ಲಿ, ನನ್ನ ಬಾಯಲ್ಲಿ.

ನಮ್ಮ ಮನೆ ಇದ್ದದ್ದು ಚಿನಕುರಳಿಯಲ್ಲಿ, ನಾಡಹೆಂಚಿನ ಮನೆ. ಮುಂದೆ ಜಗುಲಿ, ಒಳಗೆ ನಡುಮನೆ, ಅದರ ಒಂದು ಪಕ್ಕ ಎಮ್ಮೆ ಕಟ್ಟುವ ಜಾಗ, ಇನ್ನೊಂದು ಪಕ್ಕ ಅಡುಗೆ ಒಲೆ. ಎಮ್ಮೆಗೂ ನಮಗೂ ನಡುವೆ ಮೊಳದೆತ್ತರದ ಒಂದು ಗೋಡೆ ಅಷ್ಟೇ. ನಾವು ಉಣ್ಣುವಾಗ ಅದು ಗೋಡೆಯ ಮೇಲೆ ಮೂತಿ ಇಟ್ಟು ನೋಡುತ್ತಿತ್ತು. ಅಪ್ಪ ಕಲ್ಲು ಕೆಲಸದವನು. ಬಂಡೆಯಲ್ಲಿ ಸೀಳಿದ ಕಲ್ಲನ್ನು ತಂದು ಮನೆಯ ಮುಂದೆ ಹಾಕಿಕೊಂಡು ಒರಳು, ಬಾಗಿಲುವಾಡ, ಮೆಟ್ಟಿಲು ಕೆತ್ತುತ್ತಿದ್ದ. ಮೈಮೇಲೆ ಯಾವಾಗಲೂ ಬೂದಿ ಬಣ್ಣದ ಪುಡಿ. ಎಷ್ಟು ಕೈಕಾಲು ತೊಳೆದು ಬಂದರೂ ಅವನ ಪಕ್ಕ ಕೂತು ಉಂಡರೆ ಮುದ್ದೆಯಲ್ಲಿ ಒಂದು ಹರಳು ಸಿಗುತ್ತಿತ್ತು. ಅವ್ವ ಬೈಯುತ್ತಿದ್ದಳು. ಅಪ್ಪ ಆ ಹರಳನ್ನು ನಾಲಿಗೆಯ ತುದಿಗೆ ತಂದು ತೋರಿಸಿ, ಇದಕ್ಕೂ ಉಪ್ಸಾರು ಹಿಡಿಸಿದೆ ನೋಡು ಅನ್ನುತ್ತಿದ್ದ. ನಾನೂ ನಂಜುಂಡನೂ ನಗುತ್ತಿದ್ದೆವು. ಕುಡಿಯುತ್ತಿದ್ದುದು ನಿಜ. ದಿನಾ ಅಲ್ಲ, ಬಟವಾಡೆಯ ದಿನ ಮತ್ತು ಹಬ್ಬಗಳಲ್ಲಿ. ಕುಡಿದರೆ ಹೊಡೆಯುವವನಲ್ಲ, ಮಲಗಿಬಿಡುವವನು. ಎಲ್ಲಿ ಮಲಗಿದೆ, ಏನು ಮಾತಾಡಿದೆ ಎಂಬುದು ಎದ್ದ ಮೇಲೆ ಅವನಿಗೆ ನೆನಪಿರುತ್ತಿರಲಿಲ್ಲ. ನಾವು ಮಕ್ಕಳು ಅದನ್ನು ತಮಾಷೆ ಮಾಡಿಕೊಂಡಿದ್ದೆವು. ನೀನು ನಿನ್ನೆ ಎಮ್ಮೆಗೆ ಮುದ್ದೆ ತಿನ್ನಿಸಿದೆ ಅಂದರೆ, ಹೌದಾ ಎಂದು ನಂಬುತ್ತಿದ್ದ.

ಗೌರಿ ಹುಟ್ಟಿದಾಗ ಅವಳ ಎರಡೂ ಪಾದ ಒಳಕ್ಕೆ ತಿರುಗಿದ್ದವು. ಅಂಗಾಲು ಅಂಗಾಲನ್ನು ನೋಡುತ್ತಿತ್ತು, ಕೈ ಮುಗಿದ ಹಾಗೆ. ಬೀದಿಯ ಹೆಂಗಸರು ಬಂದು ನೋಡಿ, ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ, ಕಾಲು ಮಡಿಸಿಕೊಂಡು ಮಲಗಿದ್ದೆಯಾ ಎಂದು ಅವ್ವನನ್ನು ವಿಚಾರಿಸಿದರು. ಅವ್ವ ಉತ್ತರ ಹೇಳಿ ಹೇಳಿ ಸಾಕಾಗಿ ಕೂಸಿನ ಕಾಲಿನ ಮೇಲೆ ಯಾವಾಗಲೂ ಸೆರಗು ಹೊದಿಸಿ ಇಡತೊಡಗಿದಳು. ಬಸ್ಸಿನ ಕಂಡಕ್ಟರೊಬ್ಬ ಅವಳಿಗೆ ಹೇಳಿದನಂತೆ, ಶ್ರೀರಂಗಪಟ್ಟಣದಲ್ಲಿ ಒಂದು ಛತ್ರದ ಹಿಂದಿನ ಕೋಣೆಗೆ ವಾರಕ್ಕೊಮ್ಮೆ ಮೂಳೆ ಡಾಕ್ಟರು ಬರುತ್ತಾರೆ, ಇಂಥ ಕಾಲನ್ನು ಪ್ಲಾಸ್ಟರ್ ಹಿಟ್ಟಿನ ಕಟ್ಟು ಹಾಕಿ ತಿರುಗಿಸುತ್ತಾರೆ ಎಂದು. ಅಪ್ಪ ಬೇಡವೇ ಬೇಡ ಅಂದ. ಅವತ್ತು ಮನೆಯಲ್ಲಿ ಒಲೆ ಹತ್ತಲಿಲ್ಲ.

"ದ್ಯಾವ್ರು ಕೆತ್ತಿರ ಕಲ್ಗೆ ನಾವ್ ಉಳಿ ಮಡಗಬಾರ್ದು ಕಣಮ್ಮಿ. ಸೀಳ್ಕಂಡ್ರೆ?"

"ನಿನ್ ಕಲ್ಲಲ್ಲ ಇದು, ನನ್ ಮೊಗ. ನಾಳೀಕೆ ಬಸ್ಗೋಗ್ತೀನಿ. ಅಡ್ಡ ಬಂದ್ರೆ ನಮ್ಮಪ್ಪನ್ ಮನೆ ಬಿಂಡಿಗನವಿಲೆಗೋಗ್ತೀನಿ. ಎಲ್ಡ್ರಲ್ಲಿ ಯಾವ್ದು ಏಳು."

ಅಪ್ಪ ಅಡ್ಡ ಬರಲಿಲ್ಲ. ಬೇಡ ಅಂದದ್ದು ಮಾತ್ರ ಎಲ್ಲರ ಕಿವಿಯಲ್ಲಿ ಉಳಿಯಿತು. ಮುಂದೆ ನನ್ನ ಸುಳ್ಳಿಗೆ ಜಾಗ ಮಾಡಿಕೊಟ್ಟದ್ದು ಅದೇ.

ಅವ್ವ ಕೂಲಿಗೆ ಹೋಗುತ್ತಿದ್ದುದರಿಂದ ಕೂಸನ್ನು ನೋಡಿಕೊಳ್ಳಲು ನನ್ನನ್ನು ಸ್ಕೂಲು ಬಿಡಿಸಿದರು. ಆಗ ನಾಲ್ಕನೇ ಕ್ಲಾಸು ಮುಗಿದಿತ್ತು. ನನಗೆ ಓದು ಬಿಟ್ಟದ್ದು ಅಷ್ಟೇನೂ ಬೇಜಾರಾಗಲಿಲ್ಲ, ಯಾಕೆಂದರೆ ಪ್ರತಿವಾರ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗುವ ಭಾಗ್ಯ ಬಂತು. ಡಾಕ್ಟರು ಪಾದವನ್ನು ಹಿಡಿದು ಒಂದಿಷ್ಟೇ ಇಷ್ಟು ಹೊರಕ್ಕೆ ತಿರುಗಿಸಿ, ಒದ್ದೆ ಪಟ್ಟಿ ಸುತ್ತಿ, ಅದು ಗಟ್ಟಿಯಾಗುವವರೆಗೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಮುಂದಿನ ವಾರ ಇನ್ನೊಂದಿಷ್ಟು. ಆ ಕಟ್ಟು ತೊಡೆಯವರೆಗೂ ಇರುತ್ತಿತ್ತು. ಅದನ್ನು ಬಿಚ್ಚುವುದು ನನ್ನ ಕೆಲಸ. ಹೊರಡುವ ದಿನ ಬೆಳಿಗ್ಗೆ ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಪಟ್ಟಿಯ ಕೊನೆ ಹುಡುಕಿ, ಸುತ್ತು ಸುತ್ತಾಗಿ ಬಿಡಿಸಿ, ಕೂಸಿಗೆ ಸ್ನಾನ ಮಾಡಿಸಿ ಕರೆದುಕೊಂಡು ಹೋಗಬೇಕು. ಇದನ್ನು ನನಗೆ ಕಲಿಸಿಕೊಟ್ಟ ನರ್ಸಮ್ಮ ಒಂದು ಮಾತನ್ನು ಪ್ರತಿಸಾರಿ ಹೇಳುತ್ತಿದ್ದಳು. ಬರುವ ದಿನ ಬೆಳಿಗ್ಗೆ ಮಾತ್ರ ಬಿಚ್ಚಬೇಕು, ಅದಕ್ಕೂ ಮೊದಲು ಬಿಚ್ಚಿದರೆ ಪಾದ ತನ್ನ ಹಳೇ ಜಾಗ ಹುಡುಕಿಕೊಂಡು ಹೋಗುತ್ತದೆ ಎಂದು. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ದಾರಿಯಿಲ್ಲ. ಗೊತ್ತಿತ್ತು. ಎಷ್ಟೋ ವಾರಗಳಾದ ಮೇಲೆ ಗೌರಿಯ ಅಂಗಾಲುಗಳು ಒಂದನ್ನೊಂದು ನೋಡುವುದನ್ನು ಬಿಟ್ಟು ನೆಲವನ್ನು ನೋಡತೊಡಗಿದವು. ಅಪ್ಪ ಒಂದು ದಿನ ತಾನಾಗಿಯೇ ಅವಳ ಕಾಲಿನ ಹತ್ತಿರ ಕೂತು, ಕಟ್ಟಿನ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ ಶಬ್ದ ಕೇಳಿ, ಕೆಲಸ ಗೊತ್ತಿರುವವನು ಅಂದ. ಡಾಕ್ಟರನ್ನು ಕುರಿತು ಹಾಗೆಂದದ್ದು. ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ.

ಯುಗಾದಿಯ ಮಾರನೇ ದಿನ ನಮ್ಮಲ್ಲಿ ವರ್ಷದ ತೊಡಕು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಆಗುತ್ತದೆ ಎಂದು ನಂಬಿಕೆ. ಅದಕ್ಕೇ ಅವತ್ತು ಯಾರೂ ಕೂಲಿಗೆ ಹೋಗುವುದಿಲ್ಲ, ಮಕ್ಕಳನ್ನು ಹೊಡೆಯುವುದಿಲ್ಲ, ಕಾಯಿಲೆಯವರೂ ಎದ್ದು ಕೂತು ಒಂದು ತುಂಡು ಬಾಡು ತಿನ್ನುತ್ತಾರೆ. ಊರ ಗಂಡಸರು ಮರಿ ಕಡಿದು ಗುಡ್ಡೆ ಹಾಕಿ ಪಾಲು ಹಂಚಿಕೊಳ್ಳಲು ಹೋಗಿದ್ದರು. ಬೀದಿಯಲ್ಲೆಲ್ಲ ಒಳ್ಳೆಯ ಒರಳು ನಮ್ಮದೇ ಆದ್ದರಿಂದ ಹೆಂಗಸರೆಲ್ಲ ಖಾರ ರುಬ್ಬಲು ನಮ್ಮ ಮನೆಯ ಮುಂದೆ ಸೇರಿದ್ದರು. ಹುಣಿಸೇಮರಕ್ಕೆ ಉಯ್ಯಾಲೆ ಕಟ್ಟಿದ್ದರು, ನನ್ನ ವಾರಿಗೆಯ ಹುಡುಗಿಯರೆಲ್ಲ ಅಲ್ಲಿದ್ದರು. ನನ್ನ ಸೊಂಟದ ಮೇಲೆ ಗೌರಿ. ಎರಡು ಕಾಲಿನ ಕಟ್ಟಿನ ಭಾರಕ್ಕೆ ನನ್ನ ಸೊಂಟದಲ್ಲಿ ಕಪ್ಪು ಗುರುತು ಬಿದ್ದಿತ್ತು. ಇವತ್ತು ಇವಳ ಕಾಲಿನಲ್ಲಿ ಕಟ್ಟು ಇದ್ದರೆ ವರ್ಷವೆಲ್ಲ ಕಟ್ಟು ಇರುತ್ತದೆ ಎಂದು ನನಗೆ ಹೊಳೆಯಿತು. ತಂಗಿಯ ಮೇಲಿನ ಪ್ರೀತಿಯಿಂದ ಬಿಚ್ಚಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇವತ್ತು ಇವಳನ್ನು ಹೊತ್ತುಕೊಂಡಿದ್ದರೆ ವರ್ಷವೆಲ್ಲ ಹೊರಬೇಕು ಎಂಬುದೂ ನನ್ನ ಮನಸ್ಸಿನಲ್ಲಿತ್ತು. ಹಿತ್ತಲಲ್ಲಿ ಹಂಡೆಯ ನೀರು ಬೆಚ್ಚಗಿತ್ತು. ನೆನೆಸಿದೆ, ಕೊನೆ ಹುಡುಕಿದೆ, ಬಿಡಿಸಿದೆ. ಒಳಗಿನ ಚರ್ಮ ನೆನೆದ ಕಡಲೆಯ ಹಾಗೆ ಬೆಳ್ಳಗೆ ಸುಕ್ಕಾಗಿತ್ತು. ಗೌರಿ ಕಾಲು ಝಾಡಿಸಿ ನಕ್ಕಳು. ಸಂಜೆಗೆ ಹಾಗೇ ಸುತ್ತಿಬಿಟ್ಟರಾಯಿತು, ನಾಡಿದ್ದು ಹೇಗೂ ಶ್ರೀರಂಗಪಟ್ಟಣಕ್ಕೆ ಹೋಗುವುದೇ ಇದೆ ಅಂದುಕೊಂಡೆ. ಅವಳನ್ನು ನಡುಮನೆಯ ಚಾಪೆಯ ಮೇಲೆ ಮಲಗಿಸಿ, ಒದ್ದೆ ಪಟ್ಟಿಯ ಮುದ್ದೆಯನ್ನು ಅಲ್ಲೇ ಬೋಗುಣಿಯಲ್ಲಿ ಇಟ್ಟು, ಹಿತ್ತಲ ಬಾಗಿಲಿನಿಂದ ಉಯ್ಯಾಲೆಗೆ ಓಡಿದೆ.

ವಾಪಸು ಬಂದಾಗ ಅಪ್ಪ ಬಂದಿದ್ದ. ಕುಡಿದು ಬಂದು ಕೂಸಿನ ಪಕ್ಕದಲ್ಲೇ ಮಲಗಿಬಿಟ್ಟಿದ್ದ. ಅವನ ಒಂದು ಕೈ ಬೋಗುಣಿಯ ಹತ್ತಿರ, ಇನ್ನೊಂದು ಕೈ ಗೌರಿಯ ಬರಿಗಾಲಿನ ಮೇಲೆ. ಅವ್ವ ಖಾರದ ಕೈ ಹಾಗೇ ಮೇಲೆತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ ಬಾಡಿನ ಪಾತ್ರೆ ಹಿಡಿದುಕೊಂಡು ನಂಜುಂಡ.

"ಯಾರಮ್ಮಿ ಬಿಚ್ಚಿದ್ದು?"

"ಅಪ್ಪ," ಅಂದೆ.

ಯೋಚಿಸಿ ಹೇಳಿದ್ದಲ್ಲ. ಅವ್ವನ ಖಾರದ ಕೈ ನನ್ನ ಕಡೆ ತಿರುಗಿತು, ನನ್ನ ಬಾಯಿಂದ ಆ ಮಾತು ಬಂತು. ಅವ್ವ ಅಪ್ಪನನ್ನು ಅಲುಗಿಸಿ ಎಬ್ಬಿಸಿದಳು. ಅವನು ಎದ್ದು ಕೂತು ಬೋಗುಣಿ ನೋಡಿದ, ಕೂಸಿನ ಕಾಲು ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ.

"ನಾನಾ?" ಅಂದ. ಅವನು ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ಎಮ್ಮೆಗೆ ಮುದ್ದೆ ತಿನ್ನಿಸಿದೆ ಎಂದಾಗ ನಂಬುತ್ತಿದ್ದ ಹಾಗೇ ಇದನ್ನೂ ನಂಬಿದ.

ಕಟ್ಟು ಬಿಚ್ಚಿದ್ದಷ್ಟೇ ಆಗಿದ್ದರೆ ಮುಂದಿನ ಬಸ್ಸಿಗೆ ಹೋಗಿ ಸರಿಮಾಡಿಕೊಂಡು ಬರಬಹುದಿತ್ತು. ನರ್ಸಮ್ಮ ಬೈಯುತ್ತಿದ್ದಳು, ಡಾಕ್ಟರು ಮತ್ತೆ ಸುತ್ತುತ್ತಿದ್ದರು. ಹಾಳು ಮಾಡಿದ್ದು ನನ್ನ ಸುಳ್ಳು. ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ಅವ್ವ ಗೌರಿಯನ್ನು ಎತ್ತಿಕೊಂಡು ತವರಿಗೆ ಹೊರಟುಬಿಟ್ಟಳು. ಹಿಂದಿನ ರಾತ್ರಿಯ ಬಾಡಿನ ಸಾರು ಒಲೆಯ ಮೇಲೆ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಬಿಂಡಿಗನವಿಲೆಯಲ್ಲಿ ಮಳೆ ನಂಬಿದ ಹೊಲ, ಕುರಿ, ಹೊರಗೆ ಹೋಗಲು ನಾಗಮಂಗಲದ ಬಸ್ಸು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ವಾರವಾರ ಹೋಗಿಬರುವುದು ಆಗದ ಮಾತು. ಅಪ್ಪ ಕರೆಯಲು ಹೋದರೆ ನಮ್ಮ ತಾತ ಜಗುಲಿಯಿಂದಲೇ ಕಳಿಸಿಬಿಟ್ಟ. ಮನೆಯಲ್ಲಿ ನಾನು ಮುದ್ದೆ ತೊಳಸುತ್ತಿದ್ದೆ, ಗಂಟು ಗಂಟಾಗಿರುತ್ತಿತ್ತು. ಅಪ್ಪ ಏನೂ ಅನ್ನದೆ ನುಂಗುತ್ತಿದ್ದ. ಹರಳಿನ ತಮಾಷೆ ನಿಂತುಹೋಯಿತು. ಕುಡಿಯುವುದನ್ನೂ ನಿಲ್ಲಿಸಿದ. ನಂಜುಂಡ ಅವನ ಪಕ್ಕ ಕೂತು ಉಣ್ಣುವುದನ್ನು ಬಿಟ್ಟು ತಟ್ಟೆ ಹಿಡಿದುಕೊಂಡು ಎಮ್ಮೆಯ ಗೋಡೆಯ ಹತ್ತಿರ ಹೋಗಿ ಕೂರುತ್ತಿದ್ದ. ಇಬ್ಬರ ನಡುವೆ ನಾನು ಸಾರಿನ ಪಾತ್ರೆ ಹಿಡಿದುಕೊಂಡು ಓಡಾಡುತ್ತಿದ್ದೆ. ಒಂದೊಂದು ಊಟಕ್ಕೂ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಅವ್ವ ಬರುತ್ತಾಳೆ ಎಂಬುದು ಗೊತ್ತಿತ್ತು. ಬಂದರೆ ನನ್ನನ್ನು ಏನು ಮಾಡುತ್ತಾಳೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ರಾಗಿ ಬಿತ್ತನೆಯೆಲ್ಲ ಮುಗಿದ ಮೇಲೆ ಅವ್ವ ತಾನೇ ಬಂದಳು. ಗೌರಿಯ ಪಾದ ಹಳೇ ಜಾಗಕ್ಕೆ ಹೋಗಿ ಸೇರಿತ್ತು. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದ. ಛತ್ರದ ಹಿಂದಿನ ಕೋಣೆಗೆ ಬೀಗ ಹಾಕಿತ್ತು. ಡಾಕ್ಟರು ಬೇರೆ ಕಡೆ ಹೋದರು ಎಂದು ಯಾರೋ ಹೇಳಿದರಂತೆ. ಅಪ್ಪ ಆ ಬೀಗದ ಮುಂದೆ ಸಂಜೆಯವರೆಗೂ ಕೂತಿದ್ದು ಬಂದ.

ಗೌರಿ ಪಾದದ ಹೊರ ಅಂಚಿನ ಮೇಲೆ ನಡೆಯಲು ಕಲಿತಳು. ನಮ್ಮ ಬಾಗಿಲ ಮುಂದಿನ ಮೆಟ್ಟಿಲು ಎತ್ತರ ಇತ್ತು. ಅಪ್ಪ ಅದನ್ನು ಕಿತ್ತು ಹಾಕಿ ಬೇರೆ ಕಲ್ಲು ತಂದು, ಗೇಣಿಗಿಂತ ಕಡಿಮೆ ಎತ್ತರದ ಅಗಲವಾದ ಮೆಟ್ಟಿಲು ಕೆತ್ತಿದ. ಅವಳ ಕಾಲು ಜಾರದ ಹಾಗೆ ಮೇಲೆಲ್ಲ ಉಳಿಯಿಂದ ಸಣ್ಣ ಸಣ್ಣ ಗೀರು ಎಳೆದ. ಒಂದಂಚಿನಲ್ಲಿ ಮಾತ್ರ ನುಣುಪಾಗಿ ಬಿಟ್ಟ, ಅವಳು ಕೂರುವುದಕ್ಕೆ. ಸ್ಕೂಲಿಗೆ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಬಿಟ್ಟು ಬರುತ್ತಿದ್ದ. ನೋಡಿದವರು ಮಾಡಿದ ತಪ್ಪಿಗೆ ಹೊರುತ್ತಾನೆ ಅನ್ನುತ್ತಿದ್ದರು. ನನಗೆ ಕೇಳಿಸುವ ಹಾಗೆಯೇ ಅನ್ನುತ್ತಿದ್ದರು, ನಾನು ಅವರ ಕಡೆಯವಳು ಎಂದುಕೊಂಡು.

ನಂಜುಂಡ ಪಾಂಡವಪುರದ ಹಾಸ್ಟೆಲ್ಲಿಗೆ ಸೇರಿದವನು ಮತ್ತೆ ಮನೆಯಲ್ಲಿ ನೆಟ್ಟಗೆ ಉಳಿಯಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಿದ್ದ. ಏನಾದರೂ ಬೇಕಾದರೆ ನನ್ನ ಮೂಲಕ ಹೇಳಿಸುತ್ತಿದ್ದ. ಡಾಕ್ಟರ್ ಓದಿ, ಅದರಲ್ಲೂ ಮೂಳೆಯದೇ ಓದಿ ಬಂದು ಮೊದಲು ಮಾಡಿದ್ದು ಗೌರಿಯ ಕಾಲಿನ ಎಕ್ಸ್-ರೇ ಫೋಟೋ ತೆಗೆಸಿದ್ದು. ಆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಿದ್ದ. ಮೂಳೆ ಗಟ್ಟಿಯಾಗಿಬಿಟ್ಟಿದೆ, ಕೊಯ್ದು ನೇರ ಮಾಡಬಹುದು, ಆದರೆ ಕೀಲು ಆಡುವುದಿಲ್ಲ, ಮರದ ಕಾಲಿನ ಹಾಗೆ ಆಗುತ್ತದೆ ಅಂದ. ಈ ಕಾಲಿನಲ್ಲೇ ನಡೆದು ಅಭ್ಯಾಸವಾಗಿದೆ, ಹೊಸ ಕಾಲು ಬೇಡ ಎಂದು ಗೌರಿ ನಕ್ಕುಬಿಟ್ಟಳು. ಅವನು ನಗಲಿಲ್ಲ. ಅದಾದ ಮೇಲೆಯೇ ಅವನು ಹೊರದೇಶಗಳಿಗೆ ಹೋಗಲು ಶುರುಮಾಡಿದ್ದು. ನಾನು ಆಗ ಮದುವೆಯಾಗಿ ಹೊಸಹೊಳಲಿನಲ್ಲಿದ್ದೆ. ಎಲ್ಲಿಂದಲೋ ಫೋನು ಮಾಡುತ್ತಿದ್ದ. ಟೆಂಟಿನಲ್ಲಿ ಆಸ್ಪತ್ರೆ, ಕರೆಂಟಿಲ್ಲ, ನೀರಿಲ್ಲ ಅನ್ನುತ್ತಿದ್ದ. ಪ್ರತಿಸಾರಿ ಮೊದಲು ಕೇಳುತ್ತಿದ್ದುದು ಇವತ್ತು ಏನು ಸಾರು ಎಂದು. ಹುರುಳಿಕಾಳಿನ ಬಸ್ಸಾರು ಅಂದರೆ ಜೊತೆಗೆ ಏನು ಪಲ್ಯ ಎಂದು ಕೇಳುತ್ತಿದ್ದ. ಒಂದು ಸಲ ಮಾತ್ರ ಬೇರೆ ಥರ ಮಾತಾಡಿದ.

"ಅಕ್ಕ, ಆವತ್ತು ಗೌರಿ ಇದ್ಳಲ್ಲ, ಅಷ್ಟೇ ಮೊಗ ಒಂದು. ಎಲ್ಡು ಕಾಲೂ ನಾನೇ ಕುಯ್ದು ತೆಗ್ದೆ ಕಣಕ್ಕ. ಚೆಂದಾಗಿರೋ ಪಾದ. ಅದರಪ್ಪ ಎತ್ಕಂಡು ಓಡ್ಬಂದಿದ್ದ. ಇಂಥ ಅಪ್ಪಂದಿರೂ ಅವ್ರೆ."

ಅಷ್ಟು ದೂರದಲ್ಲಿ, ಕಂಡವರ ಕೂಸಿನ ಕಾಲು ಉಳಿಸಲು ಆಗದೆ ಕೂತವನ ಬಾಯಲ್ಲೂ ನಾನು ಹೇಳಿಕೊಟ್ಟದ್ದೇ ಬರುತ್ತಿತ್ತು. ಸಾರು ಉಕ್ಕುತ್ತಿದೆ ಎಂದು ಹೇಳಿ ಫೋನಿಟ್ಟೆ.

ಅಪ್ಪನ ಎದೆಯಲ್ಲಿ ಕಲ್ಲಿನ ಪುಡಿ ತುಂಬಿ ಉಸಿರು ಕಟ್ಟತೊಡಗಿದಾಗ ನಾನು ಬಂದು ಚಿನಕುರಳಿಯಲ್ಲೇ ಇದ್ದೆ. ಅವ್ವ ಅಷ್ಟು ಹೊತ್ತಿಗೆ ತೀರಿಹೋಗಿದ್ದಳು. ನಂಜುಂಡ ಯಾವುದೋ ದೇಶದಲ್ಲಿದ್ದ, ಬರಲು ದಾರಿ ಬಂದ್ ಆಗಿದೆ ಎಂದು ಹೇಳಿಕಳಿಸಿದ್ದ. ನಿಜಕ್ಕೂ ಬಂದ್ ಆಗಿತ್ತೋ ಇಲ್ಲವೋ. ಒಂದು ಮಧ್ಯಾಹ್ನ ಗೌರಿ ಗಂಜಿ ಕುಡಿಸಿ ಒಳಗೆ ಹೋದ ಮೇಲೆ ಅಪ್ಪ ತನ್ನ ಎರಡೂ ಅಂಗೈಯನ್ನು ಮುಖದ ಮುಂದೆ ಹಿಡಿದುಕೊಂಡ. ಅಂಗೈ ತುಂಬ ಉಳಿಯ ಏಟು ತಪ್ಪಿದ ಗುರುತುಗಳು.

"ಆವತ್ತಿಂದು ನಂಗೆ ನೆಪ್ಪೇ ಇಲ್ಲ ಕಣವ್ವ ಜಯ. ಯಾವ ಕೈಲಿ ಬಿಚ್ಚುದ್ನೋ. ನೀ ನೋಡಿದ್ಯಲ್ಲ, ಏಳು. ಮೊಗ ಅಳ್ತಿತ್ತಾ?"

ಇಷ್ಟು ವರ್ಷ ಹೊತ್ತವನಿಗೆ ಸಾಯುವ ಹೊತ್ತಿನಲ್ಲಿ ಇದು ನಿನ್ನದಲ್ಲ ಎಂದರೆ, ಹೊತ್ತ ವರ್ಷಗಳನ್ನು ಯಾರು ವಾಪಸು ಕೊಡುತ್ತಾರೆ? ಹೀಗೆಲ್ಲ ಆಗ ಯೋಚಿಸಿದೆ ಎಂದಲ್ಲ, ಇದು ಆಮೇಲೆ ಕಟ್ಟಿಕೊಂಡ ನೆಪ. ಆಗ ಹೆದರಿಕೆಯೊಂದೇ ಇತ್ತು, ಅದೇ ಹಳೇ ಹೆದರಿಕೆ. ಅಳುತ್ತಿರಲಿಲ್ಲ, ನಗುತ್ತಿತ್ತು ಅಂದೆ. ನಾನು ಅವನಿಗೆ ಹೇಳಿದ ನಿಜ ಅದೊಂದೇ. ನೀರು ಕುಡಿಸಿದೆ. ನಗ್ತಿತ್ತಾ ಎಂದು ಕೇಳಿ ಗೋಡೆಯ ಕಡೆ ತಿರುಗಿಕೊಂಡ. ಆ ವಾರವೇ ತೀರಿಕೊಂಡ.

ಈಗ ಆ ಮನೆಯ ಹೆಂಚು ಹೋಗಿ ತಾರಸಿ ಬಂದಿದೆ. ಮೆಟ್ಟಿಲು ಮಾತ್ರ ಅದೇ. ನಂಜುಂಡ ಪಾಂಡವಪುರದಲ್ಲಿ ಒಂದು ಮಳಿಗೆ ಹಿಡಿದು ವಾರಕ್ಕೊಂದು ದಿನ ಸೊಟ್ಟ ಪಾದದ ಕೂಸುಗಳನ್ನು ನೋಡುತ್ತಾನೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದೆಲ್ಲ ಬರುತ್ತಾರೆ. ಕಟ್ಟು ಹಾಕಿ ಪಾದ ತಿರುಗಿದ ಮೇಲೆ ಒಂದು ಸರಳಿಗೆ ಜೋಡಿಸಿದ ಎರಡು ಬೂಟು ಕೊಡುತ್ತಾರೆ. ಅದನ್ನು ಮಲಗುವಾಗ ಹಾಕಬೇಕು, ಬಿಡದೆ ವರ್ಷಗಟ್ಟಲೆ ಹಾಕಬೇಕು. ಅದನ್ನು ಹಾಕುವುದನ್ನು ತಾಯಂದಿರಿಗೆ ಕಲಿಸುವವಳು ಗೌರಿ. ಪಟ್ಟಿ ನೆನೆಸಿ ಕೊಡುವವಳೂ ಅವಳೇ. ದೂರದಿಂದ ಬಂದವರಿಗೆ ಮುದ್ದೆ ಸಾರು ಮಾಡಿಕೊಂಡು ಹೋಗುವವಳು ನಾನು. ಈ ಸಾರಿ ಯುಗಾದಿ ಕಳೆದ ಮೇಲೆ ಬಿಂಡಿಗನವಿಲೆಯ ಕಡೆಯ ಒಬ್ಬ ಹುಡುಗ, ಕುರಿ ಸಾಕುವವನು, ಹೆಂಡತಿಯ ಜೊತೆ ತನ್ನ ಮಗಳನ್ನು ಕರೆತಂದ. ಒಳ್ಳೆಯದಾಗಿದ್ದ ಪಾದ ಮತ್ತೆ ಒಳಕ್ಕೆ ತಿರುಗುತ್ತಿತ್ತು. ಹಬ್ಬದಲ್ಲಿ ಬೂಟು ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಯಾರು ಬಿಚ್ಚಿದ್ದು ಎಂದು ನಂಜುಂಡ ಕೇಳಿದ. ಹೆಂಡತಿ ಗಂಡನ ಮುಖ ನೋಡಿದಳು. ಹುಡುಗ ತಲೆ ತಗ್ಗಿಸಿದ. ನಂಜುಂಡ ಕೂಸಿನ ಕಾಲಿಗೆ ಹೊಸದಾಗಿ ಒದ್ದೆ ಪಟ್ಟಿ ಸುತ್ತಿ, ಪಾದ ಹಿಡಿದುಕೊಂಡು, ಆ ಕಥೆ ಶುರುಮಾಡಿದ.

"ನಮ್ಮಪ್ಪನೂ ನಿನ್ನಂಗೇ ಕಣ್ಲಾ. ವರ್ಸತೊಡ್ಕಿನ್ ದಿನ ಕುಡ್ಕಂಡ್ ಬಂದು ಕಿತ್ತಾಕ್ದ. ಇಗೋ, ಇವಳ್ ಕಾಲ್ ನೋಡ್ಲಾ. ನಿನ್ ಮಗಳ್ಗೂ ಇಂಗೇ ಆಗ್ಲಾ?"

ಗೌರಿ ತನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳಲಿಲ್ಲ. ಎಷ್ಟೋ ಸಲ ಕೇಳಿದವಳು. ಆ ಹುಡುಗ ತನ್ನ ಎರಡು ಕೈಯನ್ನು ನೋಡಿಕೊಂಡ. ನಾನು ಸಾರಿನ ಪಾತ್ರೆ ಕೆಳಗಿಟ್ಟೆ.

"ಬುಡ್ಲಾ ನಂಜುಂಡ. ಅಪ್ಪ ಬಿಚ್ನಿಲ್ಲ."

ನಂಜುಂಡ ನನ್ನ ಕಡೆ ತಿರುಗಿದ. ಅವನಿಗೆ ಎದ್ದು ಬರಲು ಆಗುತ್ತಿರಲಿಲ್ಲ, ಕೈ ಬಿಡಲೂ ಆಗುತ್ತಿರಲಿಲ್ಲ. ಪಟ್ಟಿ ಇನ್ನೂ ಹಸಿ ಇತ್ತು. ಅದು ಗಟ್ಟಿಯಾಗುವವರೆಗೆ ಆ ಪಾದವನ್ನು ಹಿಡಿದುಕೊಂಡೇ ಕೇಳಬೇಕಿತ್ತು. ಒತ್ತಿ ಹಿಡಿದ ಅವನ ಹೆಬ್ಬೆರಳು ಮಾತ್ರ ಬೆಳ್ಳಗಾಗಿತ್ತು. ಗೌರಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮತ್ತ್ಯಾರಕ್ಕ ಬಿಚ್ಚಿದ್ದು?"

"ನಾನು ಕಣವ್ವ. ಉಯ್ಯಾಲೆ ಆಡಾಕೋಗ್ಬೇಕು ಅಂತ ಬಿಚ್ಬುಟ್ಟೆ. ಅವ್ವ ಒಡೀತಾಳೆ ಅಂತ ಅಪ್ಪನ್ ಮ್ಯಾಲೆ ಏಳ್ಬುಟ್ಟೆ. ಅಪ್ಪ ಅದ್ನೇ ನಂಬ್ಕಂಡು ಸತ್ತ, ಅವನ್ತಾವ ಮಾಪಿ ಕೇಳ್ಕಳಾಕೆ ಆಗ್ನಿಲ್ಲ. ನಂಜುಂಡ, ನಿನಗೆ ಅಪ್ಪನ್ನ ಇಲ್ದಂಗೆ ಮಾಡ್ದೆ. ಗೌರಿ, ನಿನ್ ಕಾಲ ನಾನೇ ಇಂಗ್ ಮಾಡ್ದೆ. ತಪ್ಪಾಯ್ತು ಕಣವ್ವ. ತಪ್ಪಾಯ್ತು."